ಉಗಾರ ಬುದ್ರುಕದಲ್ಲಿ ಮಾರಿಯೋನ ಪಾಳಿ

ಕುಡಚಿ ನಿಲ್ದಾಣ ಬಿಟ್ಟ ರೈಲು ಕೃಷ್ಣೆಯ ಸೇತುವೆ ಏರಿತೆಂದರೆ ಡಬ್ಬಿಯೊಳಗಿನ ಗದ್ದಲ ಒಂದು ಕ್ಷಣ ತಗ್ಗುತ್ತದೆ. ಕಿಟಕಿ ಪಕ್ಕದ ಮುದುಕಿಯರು ಹೊಳೆಗೆ ಕೈಮುಗಿಯುತ್ತಾರೆ, ಯಾರೋ ಒಬ್ಬರು ಎಂಟಾಣೆ ಎಸೆಯುತ್ತಿದ್ದ ಕಾಲ ಹೋಗಿ ಈಗ ರೂಪಾಯಿ ಎಸೆಯುತ್ತಾರೆ. ಸೇತುವೆ ಮುಗಿಯುತ್ತಲೇ ಮೂಗಿಗೆ ಬಿಸಿ ಕಾಕಂಬಿಯ ಹುಳಿಮಿಶ್ರಿತ ಸಿಹಿ ವಾಸನೆ. ಕಬ್ಬು ಅರೆಯುವ ಹಂಗಾಮು ಶುರುವಾಗಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಮುಂದಿನ ನಿಲ್ದಾಣವೇ ಉಗಾರ ಖುರ್ದ. ಅಲ್ಲಿ ಇಳಿದು ಟಂಟಂ ಹಿಡಿದರೆ ಉಗಾರ ಬುದ್ರುಕ, ನಾನು ಹುಟ್ಟಿದೂರು.

ಖುರ್ದ ಎಂದರೆ ಸಣ್ಣದು, ಬುದ್ರುಕ ಎಂದರೆ ದೊಡ್ಡದು. ಪಾರ್ಸಿಯಿಂದ ಮರಾಠಿಗೆ, ಮರಾಠಿಯಿಂದ ನಮ್ಮ ಗಡಿಯ ಕನ್ನಡಕ್ಕೆ ಬಂದ ಶಬ್ದಗಳಿವು. ಯಾವ ಕಾಲದಲ್ಲೋ ದೊಡ್ಡ ಉಗಾರ ನಮ್ಮದಾಗಿತ್ತು. 1939ರಲ್ಲಿ ಶಿರಗಾಂವಕರ ಮನೆತನದವರು ಸಕ್ಕರೆ ಕಾರ್ಖಾನೆ ಕಟ್ಟಿದರು. ಕಾರ್ಖಾನೆಯೂ ರೈಲೂ ಇರುವ ಸಣ್ಣ ಉಗಾರವೇ ಪೇಟೆಯಾಗಿ ಬೆಳೆಯಿತು. ದೊಡ್ಡ ಉಗಾರ ತನ್ನ ಹೆಸರನ್ನಷ್ಟೇ ಉಳಿಸಿಕೊಂಡು ಹೊಳೆಯ ದಂಡೆಗೆ ಕಬ್ಬಿನ ನಡುವೆ ಕುಳಿತುಬಿಟ್ಟಿತು. ನಾವು ಓದುವಾಗ ಅಥಣಿ ತಾಲ್ಲೂಕು, ಈಗ ಕಾಗವಾಡ.

ಈ ಸಲದ ನನ್ನ ಪ್ರಯಾಣ ಜಾತ್ರೆಗಲ್ಲ, ಲಗ್ನಕ್ಕೂ ಅಲ್ಲ. ತಮ್ಮನಿಂದ ಫೋನು ಬಂದಿತ್ತು. "ಅಣ್ಣಾ, ಹಳೇ ಮನಿ ಕೆಡವಾಕತ್ತೀನಿ. ಅಟ್ಟದ ಮ್ಯಾಲ ನಿನ್ನ ಮಾರಿಯೋ ಸಿಕ್ಕೈತಿ. ಒಯ್ಯಾಕ ಬರ್ತಿ ಏನ?" ಎಂದ. ಅಷ್ಟೇ ಮಾತು. ನಾವಿಬ್ಬರೂ ಹೆಚ್ಚು ಮಾತಾಡಿ ಬಹಳ ವರ್ಷಗಳಾಗಿದ್ದವು. ಅದರ ಕಾರಣ ಮುಂದೆ ಬರುತ್ತದೆ.

ಮಾರಿಯೋ ಎಂದರೆ ಯಾರೆಂದು ಈಗಿನ ಮಕ್ಕಳಿಗೆ ಹೇಳಬೇಕಿಲ್ಲ. ಹಿರಿಯ ಓದುಗರಿಗೆ ಹೇಳಬೇಕು. ದಪ್ಪ ಮೀಸೆ, ತಲೆಗೆ ಟೊಪ್ಪಿಗೆ, ಗಿಡ್ಡ ದೇಹ. ಟಿವಿ ಪರದೆಯ ಎಡದಿಂದ ಬಲಕ್ಕೆ ಓಡುತ್ತ, ಗುಂಡಿಗಳನ್ನು ಹಾರುತ್ತ, ಇಟ್ಟಿಗೆ ಒಡೆಯುತ್ತ, ಆಮೆಗಳನ್ನು ತುಳಿಯುತ್ತ ಕೋಟೆಯಲ್ಲಿ ಸೆರೆಯಾದ ರಾಜಕುಮಾರಿಯನ್ನು ಬಿಡಿಸಲು ಹೋಗುವ ಬಡಪಾಯಿ ವೀರ. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ ಈ ಆಟವನ್ನು ಬಿಡುಗಡೆ ಮಾಡಿದ್ದು 1985ರ ಸೆಪ್ಟೆಂಬರ್ 13ರಂದು. 2025ಕ್ಕೆ ನಲವತ್ತು ತುಂಬಿತು. ಆ ಕಂಪನಿಯ ಕಥೆಯೇ ಸೊಗಸು: 1889ರಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆ ಮಾಡುವ ಅಂಗಡಿಯಾಗಿ ಶುರುವಾದದ್ದು. ನಮ್ಮಪ್ಪನಿಗೆ ಇದು ಗೊತ್ತಿದ್ದರೆ, "ಎಲಿ ಆಡೋರ ಕಂಪನಿ ಏನ? ತಗೀ ಅದನ್ನ ಮನಿಯಿಂದ" ಎನ್ನುತ್ತಿದ್ದನೇನೋ.

ನಮ್ಮ ಮನೆಗೆ ಅದು ಬಂದದ್ದು 1993ರಲ್ಲಿ. ನಾನು ಬಿ.ಎಸ್ಸಿ. ಮುಗಿಸಿ ಬಿ.ಎಡ್.ಗೆ ಸೇರಿದ್ದೆ, ತಮ್ಮ ಇನ್ನೂ ಹೈಸ್ಕೂಲಿನಲ್ಲಿದ್ದ. ಮಿರಜಿನ ಸೋದರಮಾವನ ಮನೆಯಲ್ಲಿ ದೀಪಾವಳಿಗೆ ಹೋದಾಗ ಈ ಪೆಟ್ಟಿಗೆ ನೋಡಿ ಇಬ್ಬರಿಗೂ ಹುಚ್ಚು ಹಿಡಿಯಿತು. ಅಪ್ಪನ ಕಾಲು ಹಿಡಿದು, ಅವ್ವನ ಶಿಫಾರಸು ಹಚ್ಚಿ, ಎರಡು ಟನ್ ಕಬ್ಬಿನ ಬಿಲ್ಲಿನಷ್ಟು ದುಡ್ಡು ಸುರಿದು ಮಿರಜಿನ ಪೇಟೆಯಿಂದ ತಂದೆವು. ಅದು ನಿಂಟೆಂಡೊದ್ದಲ್ಲ, ಅದರ ನಕಲು. ಭಾರತದ ಹಳ್ಳಿ-ಪೇಟೆಗಳಿಗೆ ಮಾರಿಯೋ ಬಂದದ್ದು ಬಹುಮಟ್ಟಿಗೆ ಈ ನಕಲಿ ಪೆಟ್ಟಿಗೆಗಳ ಬೆನ್ನೇರಿಯೇ. ಜೊತೆಗೆ ಕೊಟ್ಟ ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು. ತಮ್ಮ ಒಂದು ರಜೆಯಿಡೀ ಕುಳಿತು ಎಣಿಸಿದ. ಹೆಸರು ಬದಲಾಯಿಸಿ ಬದಲಾಯಿಸಿ ಮತ್ತೆ ಅವೇ ಬರುತ್ತಿದ್ದವು. ನಿಜವಾದ ಆಟ ಏಳೋ ಎಂಟೋ.

ನಮ್ಮದು ಕಪ್ಪು-ಬಿಳುಪು ಟಿವಿ. ಇದರಿಂದ ಒಂದು ಲಾಭವಾಯಿತು. ಆಟದಲ್ಲಿ ಮೇಲೆ ಮೋಡಗಳಿವೆ, ಕೆಳಗೆ ಪೊದೆಗಳಿವೆ. ಬಣ್ಣದ ಟಿವಿಯವರಿಗೆ ಮೋಡ ಬಿಳಿ, ಪೊದೆ ಹಸಿರು. ಬಣ್ಣವಿಲ್ಲದ ನಮಗೆ ಮೊದಲ ವಾರದಲ್ಲೇ ತಿಳಿಯಿತು: ಎರಡೂ ಒಂದೇ ಚಿತ್ರ! ಮೋಡವನ್ನೇ ತಂದು ನೆಲದಲ್ಲಿ ನೆಟ್ಟು ಹಸಿರು ಬಳಿದಿದ್ದರು. ಜಾಣತನ ಅಂದರೆ ಇದು. ಇಡೀ ಆಟ ಕುಳಿತದ್ದು 40 ಕಿಲೋಬೈಟಿನಲ್ಲಿ. 32 ಆಜ್ಞೆಗಳಿಗೆ, 8 ಚಿತ್ರಗಳಿಗೆ. ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಹಂತ, ಹಾಡು, ಶತ್ರುಗಳು, ಎಲ್ಲ ಅದರೊಳಗೇ. ನೀವೀಗ ಓದುತ್ತಿರುವ ಈ ಲೇಖನವೊಂದೇ ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಅಷ್ಟು ಜಾಗ ತಿನ್ನುತ್ತದೆ. ಹೊಟ್ಟೆಬಟ್ಟೆ ಕಟ್ಟಿ ಸಂಸಾರ ಮಾಡುವುದನ್ನು ಆ ಎಂಜಿನಿಯರರಿಂದ ಕಲಿಯಬೇಕು.

ಮೀಸೆಯ ಗುಟ್ಟೂ ಅದೇ. ಮಾರಿಯೋ ಮೊದಲು ಕಾಣಿಸಿಕೊಂಡದ್ದು 1981ರ 'ಡಾಂಕಿ ಕಾಂಗ್' ಆಟದಲ್ಲಿ, 'ಜಂಪ್‌ಮ್ಯಾನ್' ಎಂಬ ಹೆಸರಿನ ಬಡಗಿಯಾಗಿ. ಅವನನ್ನು ಬರೆದ ಶಿಗೆರು ಮಿಯಾಮೊಟೊ ಅವರ ಕೈಯಲ್ಲಿದ್ದದ್ದು ಬೆರಳೆಣಿಕೆಯ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬರೆಯಲಾಗದು, ಮೀಸೆ ಹಚ್ಚಿದರು. ಕೂದಲು ಹಾರಾಡುವುದನ್ನು ತೋರಿಸಲಾಗದು, ಟೊಪ್ಪಿಗೆ ಇಟ್ಟರು. ಮಾರಿಯೋ ಎಂಬ ಹೆಸರು ಅಮೆರಿಕದಲ್ಲಿ ಕಂಪನಿಗೆ ಗೋದಾಮು ಬಾಡಿಗೆ ಕೊಟ್ಟಿದ್ದ ಮಾರಿಯೋ ಸೆಗಾಲಿ ಎಂಬ ಮಾಲೀಕರದು. 1983ರ ಆಟದಲ್ಲಿ ಅವನು ಬಡಗಿತನ ಬಿಟ್ಟು ನಳ ರಿಪೇರಿಯವನಾದ.

ನಮ್ಮೂರಿನಲ್ಲಿ ಮಾತ್ರ ಅವನಿಗೆ ಮೂರನೆಯ ಉದ್ಯೋಗ ಸಿಕ್ಕಿತು. ಇಟ್ಟಿಗೆ ಒಡೆಯುತ್ತಾನಲ್ಲ, ಹುಡುಗರೆಲ್ಲ ಅವನನ್ನು 'ಗೌಂಡಿ' ಎಂದು ಕರೆದರು. "ಗೌಂಡಿ ಆಟ ಹಚ್ಚೋ" ಎಂದು ಸಂಜೆಗೆ ಓಣಿಯ ಅರ್ಧ ಪಡಸಾಲೆಯಲ್ಲಿ ಕೂತಿರುತ್ತಿತ್ತು. ಪೈಪುಗಳ ವಿಷಯದಲ್ಲೂ ಹಾಗೆಯೇ. ಬೇರೆ ಊರಿನ ಮಕ್ಕಳಿಗೆ ನೆಲದಿಂದ ಎದ್ದುನಿಂತ ದಪ್ಪ ಪೈಪು, ಅದರೊಳಗಿಳಿದರೆ ಇನ್ನೊಂದು ಕಡೆ ಹೊರಬೀಳುವುದು ಮಾಯಾಜಾಲವಾಗಿ ಕಂಡಿರಬಹುದು. ಉಗಾರದ ಮಕ್ಕಳಿಗೆ ಏನೂ ಅನಿಸಲಿಲ್ಲ. ಹೊಳೆದಂಡೆಯ ಜಾಕ್‌ವೆಲ್ಲಿನಿಂದ ನೆಲದೊಳಗೆ ಹೋದ ಪೈಪು ಎಲ್ಲೋ ದೂರದ ಕಬ್ಬಿನ ಗದ್ದೆಯಲ್ಲಿ ತಲೆ ಎತ್ತಿ ನೀರು ಕಾರುವುದನ್ನು ದಿನಾ ಕಂಡವರು ನಾವು.

ಬಿಳಿಯಂಗಿಯ ತಮ್ಮ

ಮಾರಿಯೋಗೊಬ್ಬ ತಮ್ಮನಿದ್ದಾನೆ, ಲುಯಿಗಿ. ಇಬ್ಬರು ಆಡುವಾಗ ಎರಡನೆಯವನ ಕೈಗೆ ಅವನು. ಈ ಮೊದಲ ಆಟದಲ್ಲಿ ಅವನಿಗೆ ಬೇರೆ ಚಿತ್ರವಿರಲಿಲ್ಲ. ಅಣ್ಣನ ಚಿತ್ರಕ್ಕೇ ಬಿಳಿ ಮತ್ತು ಹಸಿರು ಬಳಿದಿದ್ದರು. ನಮ್ಮ ಟಿವಿಯಲ್ಲಿ ಅಣ್ಣ ಮಬ್ಬು, ತಮ್ಮ ಬೆಳ್ಳಗೆ. ನನ್ನ ತಮ್ಮ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ: "ನಂದು ಇಸ್ತ್ರಿ ಅಂಗಿ."

ಇಲ್ಲಿ ಇಬ್ಬರು ಆಡುವುದೆಂದರೆ ಜೊತೆಯಾಗಿ ಓಡುವುದಲ್ಲ. ಒಬ್ಬ ಸತ್ತ ಮೇಲೆ ಇನ್ನೊಬ್ಬನ ಪಾಳಿ. ಅಣ್ಣ ಗುಂಡಿಗೆ ಬೀಳಲಿ ಎಂದು ತಮ್ಮ ಕಾಯುತ್ತಾನೆ, ತಮ್ಮ ಆಮೆಗೆ ಸಿಗಲಿ ಎಂದು ಅಣ್ಣ. "ಸತ್ತೇನ? ಕೊಡು ಇತ್ತಾಗ" ಎಂಬುದು ನಮ್ಮ ಮನೆಯಲ್ಲಿ ಆ ಎರಡು ವರ್ಷ ಅತಿ ಹೆಚ್ಚು ಕೇಳಿಬಂದ ವಾಕ್ಯ. ಅಡುಗೆಮನೆಯಿಂದ ಅವ್ವ, "ಹೊತ್ತು ಮುಳುಗೂ ಹೊತ್ನ್ಯಾಗ ಸಾಯೂ ಮಾತ ಆಡಬ್ಯಾಡ್ರೋ" ಎಂದು ಬಯ್ಯುತ್ತಿದ್ದಳು. ನಾನು ನಿಧಾನಿ, ಲೆಕ್ಕ ಹಾಕಿ ಹಾರುವವನು. ಅವನು ಮುನ್ನುಗ್ಗುವವನು. ಎರಡನೆಯ ಹಂತದ ಸುರಂಗದಲ್ಲಿ ಛಾವಣಿಯ ಇಟ್ಟಿಗೆ ಒಡೆದು ಮೇಲೆ ಹತ್ತಿ, ಪರದೆಯ ನೆತ್ತಿಯ ಮೇಲೇ ನಡೆದು ಕೊನೆಯ ಗುಪ್ತಕೋಣೆ ಕಂಡುಹಿಡಿದವನು ಅವನೇ. ಅಲ್ಲಿ ಮೂರು ಪೈಪುಗಳಿದ್ದವು. ಒಂದರಲ್ಲಿಳಿದರೆ ನೇರವಾಗಿ ನಾಲ್ಕನೆಯ ಲೋಕ. ಹೇಳಿಕೊಟ್ಟವರಿಲ್ಲ, ಓದಿದ್ದಿಲ್ಲ. "ದಾರಿ ಬಿಟ್ಟು ಹೋದ್ರ ಏನಾಕ್ಕೈತಿ ನೋಡೂಣ ಅಂತ ಹೋದ್ನಿ" ಎಂದ. ವಿಜ್ಞಾನ ಓದಿದವನು ನಾನು, ಪ್ರಯೋಗ ಮಾಡಿದವನು ಅವನು.

ಆ ವರ್ಷ ಬಿ.ಎಡ್. ತರಗತಿಯಲ್ಲಿ ನಮಗೆ ಹರ್ಬಾರ್ಟನ ಐದು ಸೋಪಾನಗಳ ಪಾಠಯೋಜನೆ ಬರೆಸುತ್ತಿದ್ದರು. ಪೀಠಿಕೆ, ಉದ್ದೇಶಕಥನ, ನಿರೂಪಣೆ ಎಂದು ಗೆರೆ ಎಳೆದು ತುಂಬಿದ್ದೇ ತುಂಬಿದ್ದು. ಮನೆಗೆ ಬಂದು ಮಾರಿಯೋನ ಮೊದಲ ಹಂತ ಆಡಿದಾಗ ಮಾತ್ರ ಪಾಠಯೋಜನೆ ಎಂದರೇನೆಂದು ತಿಳಿಯಿತು. ಅವನು ಪರದೆಯ ಎಡಕ್ಕೆ ನಿಂತಿರುತ್ತಾನೆ, ಬಲಕ್ಕೆ ಬಯಲು. ಯಾವ ಕಡೆ ಹೋಗಬೇಕೆಂದು ಬರೆಯಬೇಕಿಲ್ಲ. ನಾಲ್ಕು ಹೆಜ್ಜೆಗೆ ಅಣಬೆಯಂಥ ಶತ್ರು ಎದುರು ಬರುತ್ತದೆ. ಹಾರದಿದ್ದರೆ ಸಾವು, ಆದರೆ ಕಳೆದುಕೊಳ್ಳುವುದು ನಾಲ್ಕೇ ಹೆಜ್ಜೆ. ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ ಮಿನುಗುತ್ತದೆ. ತಲೆಯಿಂದ ಗುದ್ದಿದರೆ ಅಣಬೆ ಹೊರಡುತ್ತದೆ, ಪೈಪಿಗೆ ಬಡಿದು ನಮ್ಮತ್ತಲೇ ಮರಳುತ್ತದೆ. ಹೆದರಿ ಹಾರಿದರೂ ಮೇಲಿನ ಇಟ್ಟಿಗೆ ತಲೆಗೆ ತಾಗಿ ಅದರ ಮೇಲೇ ಬೀಳುತ್ತೇವೆ, ದೊಡ್ಡವರಾಗುತ್ತೇವೆ. ಒಂದಕ್ಷರ ಓದದವನೂ ಅರ್ಧ ನಿಮಿಷದಲ್ಲಿ ಆಟದ ಕಾನೂನೆಲ್ಲ ಕಲಿತುಬಿಡುತ್ತಾನೆ. ಮಿಯಾಮೊಟೊ ಮತ್ತು ಅವರ ಸಹಾಯಕ ತಕಾಶಿ ತೆಜುಕಾ ಇದನ್ನೆಲ್ಲ ಗ್ರಾಫ್ ಕಾಗದದ ಮೇಲೆ ಚೌಕ ಚೌಕವಾಗಿ ಬರೆದವರು. ಮಿಯಾಮೊಟೊ ಬೆಳೆದದ್ದು ಕ್ಯೋಟೊ ಬಳಿಯ ಸೊನೊಬೆ ಎಂಬ ಊರಿನಲ್ಲಿ, ಗುಡ್ಡ-ಗದ್ದೆ-ಗುಹೆ ಸುತ್ತಾಡುತ್ತ. ಮೂವತ್ತು ವರ್ಷ ಪಾಠ ಹೇಳಿದವನಾಗಿ ನಾನು ಹೇಳಬಲ್ಲೆ, ಇಷ್ಟು ಒಳ್ಳೆಯ ಮೊದಲ ಪಾಠವನ್ನು ನಾನಿನ್ನೂ ಮಾಡಿಲ್ಲ.

ಮುಂದೆ ಶಾಲೆಯಲ್ಲಿ ಗುರುತ್ವದ ಪಾಠ ಬಂದಾಗ ಅವನನ್ನೇ ಕರೆತಂದೆ. ಸಣ್ಣ ಮಾರಿಯೋ ನಿಂತಲ್ಲಿಂದ ತನ್ನ ಎತ್ತರದ ನಾಲ್ಕು ಪಟ್ಟು ಹಾರುತ್ತಾನೆ. ಒಂದೂವರೆ ಮೀಟರಿನವ ಎಂದು ಹಿಡಿಯಿರಿ, ಆರು ಮೀಟರಾಯಿತು. ನಮ್ಮ ಭೂಮಿಯ ಮೇಲೆ ಆರು ಮೀಟರು ಬೀಳಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಮೂಲ ಆಟದಲ್ಲಿ ಅವನು ಸುಮಾರು ಅರ್ಧ ಸೆಕೆಂಡಿನಲ್ಲಿ ಏರಿ, ಮೂರನೇ ಒಂದು ಸೆಕೆಂಡಿನಲ್ಲಿ ಇಳಿಯುತ್ತಾನೆ. ಅಂದರೆ ಏರುವಾಗ ಒಂದು ಗುರುತ್ವ, ಇಳಿಯುವಾಗ ಅದರ ಮೂರು ಪಟ್ಟಿಗಿಂತ ಹೆಚ್ಚಿನ ಇನ್ನೊಂದು ಗುರುತ್ವ! ಏರುವಾಗಿನದೇ ಭೂಮಿಯ ನಾಲ್ಕು ಪಟ್ಟು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಹಗುರ, ಬಿಟ್ಟರೆ ಭಾರ. ಗಾಳಿಯಲ್ಲಿದ್ದಾಗಲೇ ಹಿಂದಕ್ಕೂ ತಿರುಗುತ್ತಾನೆ. ನ್ಯೂಟನ್ ಎದ್ದು ಹೋಗಬೇಕು. ಆದರೂ ಆಡುವವನ ಹೆಬ್ಬೆರಳಿಗೆ ಇದೇ ಸರಿ ಅನಿಸುತ್ತದೆ. ಆಮೇಲೆ ಬಂದ ನೂರಾರು ಹಾರುವ ಆಟಗಳು ಕದ್ದದ್ದು ಮೀಸೆಯನ್ನಲ್ಲ, ಈ ಸುಳ್ಳು ಗುರುತ್ವವನ್ನು.

ಇನ್ನೊಂದು ತಮಾಷೆ. ಆಟದ ಮೇಲಂಚಿನಲ್ಲಿ 400ರಿಂದ ಇಳಿಯುವ ಗಡಿಯಾರವಿದೆ. ಅವು ಸೆಕೆಂಡುಗಳಲ್ಲ. ಅಪ್ಪನ ಕೈಗಡಿಯಾರ ಹಿಡಿದು ನಾನು ಎಣಿಸಿದಾಗ ಮೂರು ನಿಮಿಷ ಚಿಲ್ಲರೆಯಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಮೂಲ ಆಟ ನೋಡಿದರೆ ಎರಡು ನಿಮಿಷ ನಲವತ್ತು ಸೆಕೆಂಡು! ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು, ನಮ್ಮದು 50 ಸಲ. ಕೋಜಿ ಕೊಂಡೊ ಕಟ್ಟಿದ ಆ ಪ್ರಸಿದ್ಧ ಹಾಡನ್ನೂ ನಾವು ತುಸು ಎಳೆದೇ ಕೇಳಿದ್ದೆವು. ಉಗಾರದ ಮಾರಿಯೋ ಸ್ವಲ್ಪ ನಿಧಾನಿ, ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಹೊರಟವನಂತೆ. ಈಗಲೂ ನನಗೆ ಅವನೇ ಸರಿ.

ನೀರಿನ ಪಾಳಿ

ನಾನು ನೌಕರಿ ಹಿಡಿದು ರಾಯಬಾಗದ ಕಡೆ ಹೋದೆ. ತಮ್ಮ ಹೊಲ ನೋಡಿಕೊಂಡ. ಅಪ್ಪ ತೀರಿಕೊಂಡ ಮೇಲೆ ಜಮೀನು ಎರಡು ಪಾಲಾಯಿತು, ಪಂಪ್‌ಸೆಟ್ಟು ಮಾತ್ರ ಒಂದೇ ಉಳಿಯಿತು. ನನ್ನ ಪಾಲನ್ನು ಬೇರೆಯವರಿಗೆ ಲಾವಣಿಗೆ ಕೊಟ್ಟಿದ್ದೆ. ಹೊಳೆಯ ನೀರು ಎತ್ತಲು ಪಾಳಿ ಹಚ್ಚಿದೆವು: ಮೂರು ರಾತ್ರಿ ಅವನಿಗೆ, ಮೂರು ರಾತ್ರಿ ನನ್ನ ಪಾಲಿಗೆ. ತ್ರೀಫೇಜ್ ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ. ಒಂದು ಬೇಸಿಗೆಯಲ್ಲಿ ನನ್ನ ಪಾಳಿಯ ಮೂರೂ ರಾತ್ರಿ ಕರೆಂಟಿರಲಿಲ್ಲ. ನಾಲ್ಕನೆಯ ರಾತ್ರಿ ಬಂತು. ಅದು ಅವನ ಪಾಳಿ. ಒಂದು ರಾತ್ರಿ ಬಿಟ್ಟುಕೊಡು ಎಂದೆ. "ಪಾಳಿ ಅಂದ್ರ ಪಾಳಿ" ಎಂದ. ನನ್ನ ಕಬ್ಬು ಒಣಗಿತು. ಫೋನಿನಲ್ಲಿ ನಾನಾಡಬಾರದ ಮಾತಾಡಿದೆ. ಅವನೂ ಆಡಿದ. ಅಲ್ಲಿಗೆ ಮುಗಿಯಿತು. ಲಗ್ನ-ಮುಂಜಿವೆಗಳಲ್ಲಿ ಎದುರಾದರೆ, "ಆರಾಮ?" "ಆರಾಮ." ಅಷ್ಟೇ.

ತಪ್ಪು ಯಾರದೆಂದು ಬಹಳ ಸಲ ತೂಗಿ ನೋಡಿದ್ದೇನೆ. ಅವನ ಕಬ್ಬೂ ಒಣಗುತ್ತಿತ್ತು. ಅವನಿಗೆ ಕಬ್ಬೇ ಅನ್ನ, ನನಗೆ ತಿಂಗಳ ಪಗಾರ ಇತ್ತು. ಇದನ್ನು ಅವನೆದುರು ಹೇಳಿಲ್ಲ.

2019ರ ಆಗಸ್ಟಿನಲ್ಲಿ ಮಹಾಪೂರ ಬಂತು. ಘಟ್ಟದಲ್ಲಿ ಮಳೆ, ಕೊಯ್ನಾದಿಂದ ನೀರು. ಕುಡಚಿ-ಉಗಾರ ಸೇತುವೆ ಮುಳುಗಿತು. ನಾನು ಈ ದಂಡೆ, ಅವನು ಆ ದಂಡೆ. 2005ರ ಹೊಳೆಯನ್ನು ಕಂಡಿದ್ದೆವು. ಇದು ಅದಕ್ಕೂ ಮಿಗಿಲು. ಮನೆಯೊಳಗೆ ಎದೆಮಟ್ಟ ನೀರು ಬಂದಿತ್ತಂತೆ. ದನ ಬಿಚ್ಚಿಕೊಂಡು, ಅವ್ವನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಎತ್ತರದ ಕಾಳಜಿ ಕೇಂದ್ರಕ್ಕೆ ಒಯ್ದವನು ಅವನು. ನಾನು ಕುಡಚಿಯ ತನಕ ಬಂದು, ಕಂದು ಸಮುದ್ರದಂಥ ನೀರನ್ನು ನೋಡಿ, ಫೋನು ಹಚ್ಚಿ ಹಚ್ಚಿ, ವಾಪಸು ಹೋದೆ. ಅವ್ವ ಮರುವರ್ಷ ತೀರಿಕೊಂಡಳು. 2021ರಲ್ಲಿ ಮತ್ತೆ ನೀರು ಬಂತು. ಮಣ್ಣಿನ ಗೋಡೆಗಳು ಸೀಳಿದವು. ಅದೇ ಮನೆಯನ್ನು ಈಗ ಅವನು ಕೆಡವುತ್ತಿದ್ದುದು.

ಅಂಗಳದಲ್ಲಿ ತೊಲೆ-ಜಂತಿ ಒಟ್ಟಿದ್ದರು. ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ. ಮನೆಯಲ್ಲಿ ನೀರು ನಿಂತ ಆ ವಾರದಲ್ಲಿ ಅಟ್ಟಕ್ಕೂ ತೇವ ಏರಿರಬೇಕು. ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳ ಮೇಲೆ ಹಸಿರು ಕಿಲುಬು. ತಮ್ಮ ಎತ್ತಿಕೊಂಡು, ಹಳೆಯ ರೂಢಿಯಂತೆ ಒಳಗೆ ಉಫ್ ಎಂದು ಊದಿದ. ಆಗೆಲ್ಲ ಆಟ ಹತ್ತದಿದ್ದರೆ ಊದುವುದೇ ಔಷಧ. ಊದಿದರೆ ಉಗುಳಿನ ತೇವ ತಾಗಿ ಕಿಲುಬು ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ. ತೆಗೆದು ಮತ್ತೆ ಕೂಡಿಸಿದ್ದಕ್ಕೆ ಹಲ್ಲು ಸರಿ ಕೂತು ಆಟ ಹತ್ತುತ್ತಿತ್ತು. ಇದನ್ನು ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ನಾನು ತಂದಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದು ತಾಸು ತಿಕ್ಕಿದೆ. ಟಿವಿಗೆ ಹಚ್ಚಿದೆವು. ಬೂದು ಪರದೆ, ಜುಂಯ್ ಎಂಬ ಸದ್ದು, ಮತ್ತೇನೂ ಇಲ್ಲ.

"ದೊಡ್ಡಪ್ಪ, ಬಂದೂಕ ಐತಲ್ಲ, ಬಾತುಕೋಳಿ ಹೊಡಿಯೂದು, ಅದರೆ ನಡೀತೈತೇನ?" ಎಂದ ತಮ್ಮನ ಮಗ. ಪೆಟ್ಟಿಗೆಯೇ ಸತ್ತ ಮೇಲೆ ಬಂದೂಕಿನ ಮಾತೆಲ್ಲಿ? ಪೆಟ್ಟಿಗೆ ಬದುಕಿದ್ದರೂ ನಡೆಯುತ್ತಿರಲಿಲ್ಲ. ಕುದುರೆ ಒತ್ತಿದೊಡನೆ ಪರದೆ ಕ್ಷಣಕಾಲ ಕಪ್ಪಾಗಿ ಬಾತಿನ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ, ಬಂದೂಕಿನ ಕಣ್ಣು ಆ ಬೆಳಕನ್ನು ಹಿಡಿಯುತ್ತದೆ. ಇದೆಲ್ಲ ಹಳೆಯ ಕಾಜಿನ ಟಿವಿಗೆ ಹೊಂದಿಸಿದ ಲೆಕ್ಕ, ಗೋಡೆಯ ಮೇಲಿನ ಚಪ್ಪಟೆ ಟಿವಿ ಆ ಹೊತ್ತಿಗೆ ಸರಿಯಾಗಿ ಬೆಳಕು ಕೊಡುವುದಿಲ್ಲ. ಇಷ್ಟು ವಿವರಿಸುವಷ್ಟರಲ್ಲಿ ಹುಡುಗ ಒಳಗೆ ಹೋಗಿದ್ದ. ನನ್ನ ವಿದ್ಯಾರ್ಥಿಗಳದೂ ಇದೇ ಕಥೆ.

ಅವನು ಮರಳಿ ಬಂದದ್ದು ಅಂಗೈಯಗಲದ ಇನ್ನೊಂದು ಆಟಿಕೆಯೊಂದಿಗೆ. ಮಿರಜಿನ ಪೇಟೆಯದೇ, ಚೀನಾದ್ದೇ, ನಕಲೇ. 400 ಆಟ ಎಂದು ಬರೆದಿತ್ತು. ಮೊದಲ ಸಾಲಿನಲ್ಲೇ ಮಾರಿಯೋ! ಈ ನಲವತ್ತು ವರ್ಷದಲ್ಲಿ ಆತ 1996ರಲ್ಲಿ ಮೂರು ಆಯಾಮದ ಲೋಕಕ್ಕೆ ಹೋದ, 2007ರಲ್ಲಿ ಗ್ರಹದಿಂದ ಗ್ರಹಕ್ಕೆ ಹಾರಿದ, 2016ರ ರಿಯೋ ಒಲಿಂಪಿಕ್ಸ್ ಸಮಾರೋಪದಲ್ಲಿ ಜಪಾನಿನ ಪ್ರಧಾನಿ ಶಿಂಜೊ ಅಬೆ ಅವನ ವೇಷ ಹಾಕಿ ನಿಂತರು, 2023ರಲ್ಲಿ ಸಿನಿಮಾ ಆದ. ಅವೆಲ್ಲವನ್ನೂ ಅಲ್ಲಿ ಇಲ್ಲಿ ನೋಡಿದ್ದೇನೆ, ಪುಣೆಯ ನೆಂಟರ ಮನೆಯಲ್ಲಿ ಆಡಿಯೂ ಇದ್ದೇನೆ. ಅಂದಚಂದ ಬಹಳ. ಆದರೆ ಅಲ್ಲಿ ಸತ್ತರೆ ಏನೂ ಆಗುವುದಿಲ್ಲ, ಮತ್ತೆ ಅಲ್ಲೇ ಎದ್ದು ನಿಲ್ಲುತ್ತಾನೆ. ಮೂರೇ ಜೀವ ಹಿಡಿದುಕೊಂಡು ಹೊರಟವನ ಎದೆಬಡಿತ ಅದಕ್ಕಿಲ್ಲ.

ರಾತ್ರಿ ಊಟವಾದ ಮೇಲೆ ತಗಡಿನ ಶೆಡ್ಡಿನಲ್ಲಿ ಹೊರಸಿನ ಮೇಲೆ ಕುಳಿತೆವು. ಇಬ್ಬರಿಗೂ ಚಾಳೀಸು. ಮೊದಲ ಪಾಳಿ ನನ್ನದೆಂದು ಅವನೇ ಕೊಟ್ಟ. ನಾನು ಮೊದಲ ಗುಂಡಿಗೇ ಬಿದ್ದೆ. "ಸತ್ತೇನ? ಕೊಡು ಇತ್ತಾಗ" ಎಂದ. ಮೂವತ್ತು ವರ್ಷದ ಮೇಲೆ ಆ ಮಾತು ಕೇಳಿ ಇಬ್ಬರೂ ನಕ್ಕೆವು. ಅವನ ಹೆಬ್ಬೆರಳು ಕಬ್ಬಿನ ಕೆಲಸಕ್ಕೆ ದಡ್ಡುಗಟ್ಟಿದೆ, ಆದರೂ ಸುರಂಗದ ನೆತ್ತಿಗೆ ಏರುವ ಜಾಗ ಮರೆತಿರಲಿಲ್ಲ. ಗುಪ್ತಕೋಣೆ ದಾಟಿ ನಾಲ್ಕನೆಯ ಲೋಕಕ್ಕೆ ಇಳಿದ. ಮೋಡದ ಮೇಲೆ ಕೂತು ಮುಳ್ಳಿನ ಆಮೆ ಎಸೆಯುವವನು ಬಂದ. ಅಷ್ಟರಲ್ಲಿ ಅವನ ಕಿಸೆಯ ಫೋನು ಬಡಿದುಕೊಂಡಿತು. ಹೊಳೆಕಡೆಯಿಂದ ಯಾರೋ, ತ್ರೀಫೇಜ್ ಬಂತು ಎಂದರು.

ಎದ್ದ. ಬ್ಯಾಟರಿ ಹುಡುಕಿದ, ಚಪ್ಪಲಿ ಮೆಟ್ಟಿದ. ಮಾರಿಯೋ ಇನ್ನೂ ಬದುಕಿದ್ದ, ಒಂದು ಆಮೆಯಿಂದ ಆಗತಾನೆ ತಪ್ಪಿಸಿಕೊಂಡು ಓಡುತ್ತಿದ್ದ. ಹಾಗೆಯೇ ನನ್ನ ಕೈಗೆ ಹಾಕಿದ.

"ಹಿಡಿ ಅಣ್ಣಾ, ಮೋಟರ್ ಚಾಲೂ ಮಾಡಿ ಬರ್ತೇನಿ. ನಿಂದರ ಹೊಲಕ್ಕ ಮೊದಲ ಬಿಡ್ಲ್ಯಾ?"

"ಪಾಳಿ ಯಾರದಪಾ?" ಎಂದೆ.

"ಅದನ್ನ ಬಂದ ಮ್ಯಾಲ ನೋಡೂಣ" ಎಂದು ಕತ್ತಲಲ್ಲಿ ಇಳಿದುಹೋದ.

ಅವನು ತಿರುಗಿ ಬರುವಷ್ಟರಲ್ಲಿ ನಾನು ಅವನ ಜೀವಗಳನ್ನೂ ನನ್ನ ಜೀವಗಳನ್ನೂ ಕಳೆದು ಕೂತಿದ್ದೆ.